ಹೆಸರು ಹಿಡಿದು ಬಿಡುವ ನೀರು

ಕೇಳುಗರೆಲ್ಲರಿಗೂ ನಮಸ್ಕಾರ. ತೀರಿಕೊಂಡ ಹಿರಿಯರಿಗೆ ನಾವು ಮಾಡುವ ಪಿತೃಕಾರ್ಯದ ಬಗ್ಗೆ ಇಂದು ಮಾತನಾಡುತ್ತೇನೆ.

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಒಂದು ಸಂದರ್ಭವಿದೆ. ಅಣ್ಣನನ್ನು ಹುಡುಕಿಕೊಂಡು ಭರತ ಚಿತ್ರಕೂಟಕ್ಕೆ ಬರುತ್ತಾನೆ. ತಂದೆ ತೀರಿಕೊಂಡ ಸುದ್ದಿ ರಾಮನಿಗೆ ತಿಳಿಯುವುದು ಆಗಲೇ. ಕೊಡಲಿಯ ಏಟು ಬಿದ್ದ ಹೂಮರದಂತೆ ಅವನು ಕುಸಿದುಬಿದ್ದ ಎನ್ನುತ್ತಾನೆ ಕವಿ. ಚೇತರಿಸಿಕೊಂಡ ಮೇಲೆ ಮಂದಾಕಿನಿಗೆ ಇಳಿದು, ದಕ್ಷಿಣಕ್ಕೆ ಮುಖಮಾಡಿ, ಬೊಗಸೆಯಲ್ಲಿ ನೀರು ತುಂಬಿಕೊಂಡು ತಂದೆಗೆ ಬಿಡುತ್ತಾನೆ. ಇನ್ನು ಪಿಂಡ ಇಡಬೇಕು. ರಾಜಯೋಗ್ಯವಾದದ್ದು ಆ ಕಾಡಿನ ಆಶ್ರಮದಲ್ಲಿ ಏನೂ ಇಲ್ಲ. ಇಂಗುದೀ ಎಂಬ ಕಾಡುಮರದ ಫಲದ ಹಿಂಡಿಗೆ ಬೋರೆಹಣ್ಣು ಬೆರೆಸಿ, ಉಂಡೆ ಮಾಡಿ, ದರ್ಭೆಯ ಹಾಸಿನ ಮೇಲಿಟ್ಟು ರಾಮ ಅಳುತ್ತಾ ಹೇಳುತ್ತಾನೆ: “ಮಹಾರಾಜ, ಸಂತೋಷದಿಂದ ಇದನ್ನು ಉಣ್ಣು. ನಾವು ಈಗ ಉಣ್ಣುತ್ತಿರುವುದು ಇದನ್ನೇ. ಮನುಷ್ಯ ಏನನ್ನು ಉಣ್ಣುತ್ತಾನೋ ಅವನ ದೇವತೆಗಳೂ ಅದನ್ನೇ ಉಣ್ಣುತ್ತಾರೆ.”

ಸ್ವಲ್ಪ ಹೊತ್ತಿನ ನಂತರ ಕೌಸಲ್ಯೆ ಅದೇ ದಾರಿಯಲ್ಲಿ ಬರುತ್ತಾಳೆ. ದರ್ಭೆಯ ಮೇಲಿದ್ದ ಆ ಉಂಡೆಯನ್ನು ನೋಡುತ್ತಾಳೆ. ಭೂಮಿಯನ್ನೆಲ್ಲ ಆಳಿದ ರಾಜನಿಗೆ ಮಗ ಕೊಡಬಹುದಾದದ್ದು ಹಿಂಡಿಯ ಉಂಡೆ ಮಾತ್ರ. ಇದಕ್ಕಿಂತ ದೊಡ್ಡ ದುಃಖ ನನಗೆ ಯಾವುದೂ ಕಾಣುತ್ತಿಲ್ಲ ಎಂದು ಆ ತಾಯಿ ಕಣ್ಣೀರಿಡುತ್ತಾಳೆ.

ಪಿತೃಕಾರ್ಯದ ಬಗ್ಗೆ ಮಾತನಾಡುವಾಗ ಈ ಪ್ರಸಂಗವನ್ನು ನಾನು ಮೊದಲಿಗೆ ಇಟ್ಟುಕೊಳ್ಳುತ್ತೇನೆ. ಸತ್ತವರಿಗೆ ಇಲ್ಲಿ ಸಲ್ಲುತ್ತಿರುವುದು ಬದುಕಿರುವವರ ಊಟದಲ್ಲಿನ ಪಾಲು. ಅವರ ಎಲೆ ನಮ್ಮ ಪಂಕ್ತಿಯಿಂದ ಎದ್ದು ಹೋಗಿಲ್ಲ ಎನ್ನುವ ಮಾತು ಅದರಲ್ಲಿದೆ. ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಪಕ್ಷದ ಹಬ್ಬದಂದು, ಮಂತ್ರವಿಲ್ಲದೆ, ಪುರೋಹಿತರಿಲ್ಲದೆ, ಹಿರಿಯರಿಗೆಂದು ಎಡೆ ಇಡುತ್ತಾರಲ್ಲ, ಅಜ್ಜನಿಗೆ ಏನು ಇಷ್ಟವಿತ್ತೋ ಅದನ್ನೇ ಬೇಯಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ ಕೈಮುಗಿಯುತ್ತಾರಲ್ಲ, ಅಲ್ಲಿರುವುದೂ ಇದೇ ಭಾವ. ಒಂದು ಮನೆಯಲ್ಲಿ ಶಾಸ್ತ್ರ, ಇನ್ನೊಂದರಲ್ಲಿ ರೂಢಿ ಎಂದು ಇವೆರಡನ್ನು ಮೇಲು ಕೀಳು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ತರ್ಪಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉಂಗುರದ ಬೆರಳಿಗೆ ದರ್ಭೆಯ ಪವಿತ್ರ. ದೇವಕಾರ್ಯದಲ್ಲಿ ಎಡಭುಜದ ಮೇಲಿರುವ ಜನಿವಾರ ಇಲ್ಲಿ ಬಲಭುಜಕ್ಕೆ ಬರುತ್ತದೆ. ಅದನ್ನೇ ಅಪಸವ್ಯ ಎನ್ನುತ್ತೇವೆ. ಮುಖ ದಕ್ಷಿಣಕ್ಕೆ. ದೇವತೆಗಳಿಗೆ ಬಿಡುವ ನೀರು ಬೆರಳ ತುದಿಯಿಂದ ಹರಿಯುತ್ತದೆ. ಪಿತೃಗಳಿಗೆ ಬಿಡುವ ನೀರು ಎಳ್ಳಿನೊಂದಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಇಳಿಯಬೇಕು. ಎಲ್ಲವೂ ದಿನನಿತ್ಯದ ಕ್ರಮಕ್ಕೆ ತಿರುವುಮುರುವು. ಆಚೆಯ ದಡದಲ್ಲಿ ನಿಂತವರಿಗೆ ಕೊಡುವಾಗ ಕೈಯೂ ಬೇರೆ ರೀತಿಯಲ್ಲಿ ಬಾಗಬೇಕು ಎಂದು ಹಿಂದಿನವರು ಭಾವಿಸಿದ್ದರು ಎಂದು ನಾನು ಅಂದುಕೊಳ್ಳುತ್ತೇನೆ.

ಆದರೆ ತರ್ಪಣದ ಜೀವಾಳ ಇರುವುದು ಬಾಯಿಂದ ಹೇಳುವುದರಲ್ಲಿ. ಮೊದಲು ಸಂಬಂಧ, ಆಮೇಲೆ ಗೋತ್ರ, ಹೆಸರು. ನನ್ನ ತಂದೆ, ಇಂಥ ಗೋತ್ರದವರು, ಇಂಥ ಹೆಸರಿನವರು, ವಸುರೂಪದಲ್ಲಿರುವವರು, ಅವರಿಗೆ ತರ್ಪಣ ಬಿಡುತ್ತೇನೆ. ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ. ವಸು, ರುದ್ರ, ಆದಿತ್ಯರು ಮೂರು ದೇವಗಣಗಳು. ತಾಯಿಯ ಕಡೆಯವರಿಗೂ ಹೀಗೆಯೇ. ಪಿತೃಪಕ್ಷದ ಮಹಾಲಯದಲ್ಲಿ ಈ ಪಟ್ಟಿ ಉದ್ದವಾಗುತ್ತದೆ. ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ, ಅಕ್ಕತಂಗಿಯರು, ಹೆಣ್ಣು ಕೊಟ್ಟ ಮಾವ, ವಿದ್ಯೆ ಕಲಿಸಿದ ಗುರು, ಕೊನೆಗೆ ಸ್ನೇಹಿತ. ತೀರಿಕೊಂಡ ಗೆಳೆಯನಿಗೂ ನೀರು ಬಿಡಬೇಕು ಎಂದು ವಿಧಿಸಿದ್ದಾರೆ. ರಕ್ತಸಂಬಂಧದ ಬೇಲಿಯನ್ನು ಸಂಪ್ರದಾಯವೇ ದಾಟಿರುವ ಈ ಜಾಗ ನನಗೆ ತುಂಬಾ ಪ್ರಿಯವಾದದ್ದು.

ಹೆಸರು ಹಿಡಿದೇ ಕರೆಯಬೇಕೆಂಬ ಈ ಕಟ್ಟಳೆ ಎಷ್ಟು ಬಲವಾದದ್ದು ಎಂಬುದಕ್ಕೆ ಮಹಾಭಾರತದ ಸ್ತ್ರೀಪರ್ವದ ಕೊನೆಯನ್ನು ನೋಡಬೇಕು. ಯುದ್ಧ ಮುಗಿದಿದೆ. ಗಂಗೆಯ ದಡದಲ್ಲಿ ಉಳಿದವರು ಸತ್ತವರಿಗೆ ಜಲಾಂಜಲಿ ಕೊಡುತ್ತಿದ್ದಾರೆ. ಆಗ ಕುಂತಿ ಇದ್ದಕ್ಕಿದ್ದಂತೆ ಅಳುತ್ತಾ ಮಕ್ಕಳಿಗೆ ಹೇಳುತ್ತಾಳೆ: ನೀವು ಯಾರನ್ನು ರಾಧೆಯ ಮಗನೆಂದು ತಿಳಿದಿದ್ದಿರೋ ಅವನಿಗೂ ನೀರು ಬಿಡಿ, ಅವನು ನಿಮ್ಮ ಹಿರಿಯಣ್ಣ, ಸೂರ್ಯನಿಂದ ನನಗೆ ಹುಟ್ಟಿದವನು. ಕರ್ಣ ಬದುಕಿದ್ದಷ್ಟು ಕಾಲ ಮಕ್ಕಳ ಮುಂದೆ ಬಾಯಿ ಬಿಡಲಾಗದ ಸತ್ಯವನ್ನು ಅವಳು ಹೇಳಿಬಿಡುವುದು ಈ ನೀರಿನ ಮುಂದೆ. ಮಗನಿಗೆ ತರ್ಪಣ ತಪ್ಪಿಹೋಗುತ್ತದೆ ಎಂಬುದನ್ನು ತಾಯಿ ಸಹಿಸಲಿಲ್ಲ. ಯುಧಿಷ್ಠಿರ ತಾಯಿಯ ಮೇಲೆ ನೊಂದು ಮಾತನಾಡುತ್ತಾನೆ, ಆದರೆ ಅಣ್ಣನಿಗೆ ನೀರು ಬಿಡುತ್ತಾನೆ. ಕರ್ಣನ ಹೆಂಡಿರನ್ನು ಕರೆಸಿಕೊಂಡು ಅವರೊಂದಿಗೆ ಉಳಿದ ಕರ್ಮವನ್ನು ಮಾಡುತ್ತಾನೆ. ಪಿತೃಕಾರ್ಯದ ಅರ್ಥವೇನು ಎಂದು ಕೇಳಿದವರಿಗೆ ನಾನು ಕೊಡುವ ಉತ್ತರ ಈ ಕಥೆಯೇ. ಇವರು ನನ್ನವರು ಎಂದು ಎಲ್ಲರೆದುರು ಬಾಯಿಬಿಟ್ಟು ಒಪ್ಪಿಕೊಳ್ಳುವುದು.

ಸಾವಾದ ಮನೆಯಲ್ಲಿ ಸಾಮಾನ್ಯವಾಗಿ ಹನ್ನೆರಡನೆಯ ದಿನ ನಡೆಯುವ ಸಪಿಂಡೀಕರಣವನ್ನು ನೀವು ನೋಡಿರಬಹುದು. ತೀರಿಕೊಂಡವರು ತಂದೆ ಎಂದಿಟ್ಟುಕೊಳ್ಳಿ. ಅಲ್ಲಿಯವರೆಗೆ ಅವರನ್ನು ಪ್ರೇತ ಎಂದೇ ಕರೆಯುತ್ತಿದ್ದರು. ಅಂದರೆ ಹೊರಟುಹೋದವರು, ಆದರೆ ಇನ್ನೂ ಎಲ್ಲಿಗೂ ಸೇರದವರು. ಅವರ ಹೆಸರಿನಲ್ಲಿ ಒಂದು ಪಿಂಡ. ಅವರ ತಂದೆ, ಅಜ್ಜ, ಮುತ್ತಜ್ಜಂದಿರ ಹೆಸರಿನಲ್ಲಿ ಮೂರು ಪಿಂಡ. ಮಗ ತಂದೆಯ ಪಿಂಡವನ್ನು ದರ್ಭೆಯಿಂದ ಮೂರು ಪಾಲು ಮಾಡಿ, ಒಂದೊಂದು ಪಾಲನ್ನೂ ಆ ಮೂವರ ಪಿಂಡಗಳೊಂದಿಗೆ ಸೇರಿಸಿ ಉಂಡೆ ಕಟ್ಟುತ್ತಾನೆ. ಆ ಕ್ಷಣದಿಂದ ತಂದೆ ಪ್ರೇತವಲ್ಲ, ಪಿತೃ. ಅವರಿಗೆ ಜೊತೆ ಸಿಕ್ಕಿತು. ಇತ್ತ ಸಾಲಿನ ಆ ತುದಿಯಲ್ಲಿದ್ದ ಹಿರಿಯರೊಬ್ಬರು ಪಿಂಡದ ಪಂಕ್ತಿಯಿಂದ ಮುಂದಕ್ಕೆ ಸರಿಯುತ್ತಾರೆ. ಇನ್ನು ಮುಂದೆ ವರ್ಷದ ಶ್ರಾದ್ಧದಲ್ಲಿ ಅವರ ಹೆಸರು ಬರುವುದಿಲ್ಲ.

ಮಗನ ಕೈಗಳು ಆ ಅನ್ನವನ್ನು ಬೆರೆಸುವಾಗ ಸ್ವಲ್ಪ ತಡವರಿಸುತ್ತವೆ. ಅಪ್ಪನ ಪಿಂಡ ಎಂದು ಬೇರೆಯಾಗಿ ಒಂದು ಉಳಿಯುವುದಿಲ್ಲವಲ್ಲ ಎಂಬ ಸಂಕಟ ಅದು. ದುಃಖದಲ್ಲಿರುವವನಿಗೆ “ಸಮಾಧಾನ ಮಾಡಿಕೋ” ಎಂದು ನೂರು ಜನ ಹೇಳುತ್ತಾರೆ, ಹೇಗೆ ಎಂದು ಯಾರೂ ಹೇಳುವುದಿಲ್ಲ. ಈ ಕರ್ಮ ಅವನ ಕೈಗೆ ಕೆಲಸ ಕೊಡುತ್ತದೆ. ತಿಂಗಳಿಗೊಂದು ಮಾಸಿಕ, ವರ್ಷ ತುಂಬಿದಾಗ ಆಬ್ದಿಕ, ಆಮೇಲೆ ಪ್ರತಿ ವರ್ಷ ಅದೇ ತಿಥಿ, ಭಾದ್ರಪದ ಬಹುಳದಲ್ಲಿ ಪಿತೃಪಕ್ಷ. ದುಃಖ ಉಕ್ಕಿ ಬರುವ ದಿನಗಳಿಗೆ ಒಂದು ಕ್ಯಾಲೆಂಡರ್ ಸಿಕ್ಕಂತಾಗುತ್ತದೆ.

ಗಯಾ ಶ್ರಾದ್ಧದ ಒಂದು ಭಾಗದ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಫಲ್ಗು ನದಿಯ ದಡದ ಆ ಕ್ಷೇತ್ರದಲ್ಲಿ ತಾಯಿಗೆಂದು ಪ್ರತ್ಯೇಕವಾಗಿ ಹದಿನಾರು ಪಿಂಡಗಳನ್ನು ಇಡಿಸುತ್ತಾರೆ. ಮಾತೃಷೋಡಶಿ ಎಂದು ಅದರ ಹೆಸರು. ಒಂದೊಂದು ಪಿಂಡಕ್ಕೂ ಒಂದೊಂದು ಶ್ಲೋಕ. ಒಂದೊಂದು ಶ್ಲೋಕದಲ್ಲೂ ತಾಯಿ ಪಟ್ಟ ಒಂದೊಂದು ಕಷ್ಟ. ಬಸಿರಿನ ತಿಂಗಳುಗಳ ಆಯಾಸ, ಹೆರಿಗೆಯ ನೋವು, ಬಾಣಂತನದಲ್ಲಿ ನುಂಗಿದ ಕಹಿ ಮದ್ದು, ರಾತ್ರಿಯೆಲ್ಲ ಮಗು ಒದ್ದೆ ಮಾಡಿದ ಹಾಸಿಗೆ, ಮಗು ಕಾಯಿಲೆ ಬಿದ್ದಾಗಿನ ಕಳವಳ. ಪ್ರತಿ ಸಲವೂ ಕೊನೆಗೆ ಒಂದೇ ಮಾತು: ಆ ಋಣ ತೀರಲೆಂದು ಈ ಮಾತೃಪಿಂಡವನ್ನು ಕೊಡುತ್ತಿದ್ದೇನೆ. ಅರ್ಥ ತಿಳಿಸಿ ಹೇಳಿಸುವ ಪುರೋಹಿತರು ಸಿಕ್ಕಿದರೆ, ಗಟ್ಟಿ ಗುಂಡಿಗೆಯ ಗಂಡಸರೂ ನಾಲ್ಕನೆಯ ಐದನೆಯ ಪಿಂಡದ ಹೊತ್ತಿಗೆ ದನಿ ಎತ್ತಲಾರದೆ ಕೂರುತ್ತಾರೆ. ಅಮ್ಮ ಬದುಕಿದ್ದಾಗ ಈ ಮಾತುಗಳಲ್ಲಿ ಒಂದನ್ನಾದರೂ ಅವಳೆದುರು ಆಡಿದವರು ನಮ್ಮಲ್ಲಿ ಎಷ್ಟು ಜನ?

ಇದೇ ಗಯೆಯ ಸ್ಥಳಪುರಾಣ ಇನ್ನೊಂದು ಕಥೆಯನ್ನೂ ಹೇಳುತ್ತದೆ. ರಾಮಲಕ್ಷ್ಮಣರು ಸಾಮಗ್ರಿ ತರಲು ಹೋಗಿದ್ದಾಗ ಹೊತ್ತು ಮೀರುತ್ತದೆ, ದಶರಥ ಬಂದು ಕೈಚಾಚುತ್ತಾನೆ, ಸೀತೆ ಫಲ್ಗುವಿನ ಮರಳಿನಲ್ಲೇ ಪಿಂಡ ಮಾಡಿ ಮಾವನ ಕೈಗಿಡುತ್ತಾಳೆ, ಅವನು ತೃಪ್ತನಾಗುತ್ತಾನೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳು ಮುಂದೆ ನಿಂತು ಕರ್ಮ ಮಾಡುತ್ತೇನೆ ಎಂದಾಗ ಮುಖ ಸಿಂಡರಿಸುವವರು ಈ ಕಥೆಯನ್ನು ನೆನಪಿಸಿಕೊಳ್ಳಬೇಕು. ಸೀತೆಯ ಮರಳನ್ನು ದಶರಥ ಒಲ್ಲೆ ಎನ್ನಲಿಲ್ಲ.

ಇಲ್ಲಿ ಕೊಟ್ಟದ್ದು ಅಲ್ಲಿಗೆ ಮುಟ್ಟುತ್ತದೆಯೇ ಎಂಬ ಪ್ರಶ್ನೆ ಹೊಸದೇನಲ್ಲ. ರಾಮ ಪಿಂಡವಿಟ್ಟ ಅದೇ ಚಿತ್ರಕೂಟದಲ್ಲಿ, ಕೆಲವೇ ಸರ್ಗಗಳ ನಂತರ, ಜಾಬಾಲಿ ಎಂಬ ಬ್ರಾಹ್ಮಣ ಅವನ ಮುಖಕ್ಕೇ ಕೇಳುತ್ತಾನೆ: ಒಬ್ಬ ಉಂಡದ್ದು ಇನ್ನೊಬ್ಬನ ದೇಹ ಸೇರುವುದಾದರೆ ದೂರ ಪ್ರಯಾಣ ಹೊರಟವನಿಗೂ ಮನೆಯಲ್ಲೇ ಶ್ರಾದ್ಧ ಮಾಡಿಬಿಡಿ, ಅವನು ಬುತ್ತಿ ಹೊರುವುದು ತಪ್ಪುತ್ತದೆ. ಆದಿಕಾವ್ಯ ಈ ಮಾತನ್ನು ಮುಚ್ಚಿಡಲಿಲ್ಲ. ಪುರಾಣಗಳು ತಮ್ಮದೇ ಉತ್ತರ ಕೊಟ್ಟಿವೆ: ದೊಡ್ಡ ಹಿಂಡಿನಲ್ಲಿ ತಪ್ಪಿಸಿಕೊಂಡ ಕರು ತನ್ನ ತಾಯಿಯನ್ನು ಹೇಗೋ ಹುಡುಕಿಕೊಳ್ಳುವಂತೆ, ನಾಮಗೋತ್ರ ಹೇಳಿ ಮಂತ್ರಪೂರ್ವಕ ಕೊಟ್ಟದ್ದು ಸಲ್ಲಬೇಕಾದವರನ್ನು ಸೇರುತ್ತದೆ. ಇದನ್ನು ನಂಬುವವರು ನಂಬಲಿ. ನನಗೆ ನಂಬಿಕೆಯಿದೆ. ನಂಬಿಕೆ ಅಲುಗಾಡುವವರಿಗೂ ಒಂದು ಮಾತು ಹೇಳುತ್ತೇನೆ: ಎಳ್ಳುನೀರು ಅವರನ್ನು ಮುಟ್ಟಿತೋ ಇಲ್ಲವೋ ಎಂದು ತೀರ್ಮಾನಿಸುವ ಮೊದಲು, ಅವರ ಹೆಸರು ನಿಮ್ಮ ಬಾಯಿಂದ ಬಂದಾಗ ನಿಮ್ಮೊಳಗೆ ಏನು ಮುಟ್ಟಿತು ಎಂಬುದನ್ನೂ ಗಮನಿಸಿ.

ಭಯದ ಬಗ್ಗೆಯೂ ಮಾತನಾಡಲೇಬೇಕು. ಪಿತೃದೋಷವಿದೆ, ಅದರಿಂದಲೇ ಮಗಳ ಮದುವೆ ನಿಂತಿದೆ, ಇಷ್ಟು ಸಾವಿರ ಕೊಟ್ಟರೆ ಪರಿಹಾರ ಎಂದು ಹೆದರಿಸುವವರು ಹೆಚ್ಚುತ್ತಿದ್ದಾರೆ. ನಮ್ಮನ್ನು ಎತ್ತಿ ಆಡಿಸಿದ ಅಜ್ಜಿ, ಒಂದು ಹೊತ್ತಿನ ಅನ್ನಕ್ಕಾಗಿ ಮೊಮ್ಮಗಳ ಬಾಳಿಗೆ ಅಡ್ಡ ನಿಲ್ಲುತ್ತಾಳೆ ಎಂದು ನಂಬುವುದು ಆ ಅಜ್ಜಿಗೆ ಮಾಡುವ ಅವಮಾನ. ಸಾಲ ಮಾಡಿ ಊರಿಗೆಲ್ಲ ಊಟ ಹಾಕಬೇಕೆಂಬುದೂ ಶಾಸ್ತ್ರದ ಮಾತಲ್ಲ. ಎಷ್ಟೇ ಸಿರಿವಂತನಾದರೂ ಶ್ರಾದ್ಧದಲ್ಲಿ ವಿಸ್ತಾರಕ್ಕೆ ಹೋಗಬಾರದು ಎಂದು ಮನುಸ್ಮೃತಿಯೇ ಹೇಳುತ್ತದೆ. ಏನೂ ಇಲ್ಲದವನಿಗೆ ವಿಷ್ಣುಪುರಾಣ ಇನ್ನೂ ಸರಳವಾದ ದಾರಿ ತೋರಿಸಿದೆ. ಏಳೆಂಟು ಎಳ್ಳು, ಬೊಗಸೆ ನೀರು ಸಾಕು. ಅದೂ ಆಗದಿದ್ದರೆ ಹಸುವಿಗೆ ಒಂದು ಹಿಡಿ ಹುಲ್ಲು. ಅದಕ್ಕೂ ಗತಿಯಿಲ್ಲದವನು ಕಾಡಿಗೆ ಹೋಗಿ, ಎರಡೂ ತೋಳುಗಳನ್ನು ಮೇಲೆತ್ತಿ ಗಟ್ಟಿಯಾಗಿ ಹೇಳಲಿ: ನನ್ನಲ್ಲಿ ಹಣವಿಲ್ಲ, ಧಾನ್ಯವಿಲ್ಲ, ಶ್ರಾದ್ಧಕ್ಕೆ ಬೇಕಾದದ್ದು ಏನೂ ಇಲ್ಲ, ನನ್ನ ಪಿತೃಗಳಿಗೆ ತಲೆಬಾಗಿದ್ದೇನೆ, ನನ್ನ ಭಕ್ತಿಯಿಂದಲೇ ಅವರು ತೃಪ್ತರಾಗಲಿ. ಅಷ್ಟಕ್ಕೇ ಅವನ ಶ್ರಾದ್ಧ ಸಾಂಗವಾಯಿತು.

ತನ್ನವರ ಸಾಲು ಮುಗಿದ ಮೇಲೂ ತರ್ಪಣ ಮುಗಿಯುವುದಿಲ್ಲ. ತಾಯಿಯಿಲ್ಲದವರು, ತಂದೆಯಿಲ್ಲದವರು, ಬಂಧುಗಳಿಲ್ಲದವರು, ನೀರು ಬಿಡಲು ಯಾರೂ ಉಳಿಯದವರು, ಅವರೆಲ್ಲರೂ ನಾನು ಬಿಡುವ ಈ ನೀರಿನಿಂದ ತೃಪ್ತಿ ಹೊಂದಲಿ ಎಂಬ ಮಂತ್ರ ಬರುತ್ತದೆ. “ಆಬ್ರಹ್ಮಸ್ತಂಬಪರ್ಯಂತಂ” ಎಂದು ಶುರುವಾಗುವ ಶ್ಲೋಕ ಬ್ರಹ್ಮನಿಂದ ಹಿಡಿದು ಹುಲ್ಲುಕಡ್ಡಿಯವರೆಗೆ ಎಲ್ಲರನ್ನೂ ಒಳಗೊಳ್ಳುತ್ತದೆ. ಮಾಘ ಶುದ್ಧ ಅಷ್ಟಮಿಯಂದು ಮಕ್ಕಳಿಲ್ಲದ ಭೀಷ್ಮನಿಗೆ ಯಾರು ಬೇಕಾದರೂ ತರ್ಪಣ ಕೊಡುತ್ತಾರೆ. ರಾಮ ಗೋದಾವರಿಯ ದಡದಲ್ಲಿ ಜಟಾಯುವಿಗೆ ಚಿತೆ ಹೊತ್ತಿಸಿ, ಪಿಂಡವಿಟ್ಟು, ನೀರು ಬಿಟ್ಟ. ತನಗಾಗಿ ಪ್ರಾಣ ಕೊಟ್ಟ ಹಕ್ಕಿ ಅವನ ಪಾಲಿಗೆ ತಂದೆಗೆ ಸಮಾನವಾಗಿತ್ತು. ಸಾಂಕ್ರಾಮಿಕದ ದಿನಗಳಲ್ಲಿ ಬಂಧುಗಳು ಬರಲಾಗದೆ ಹೋದ ಎಷ್ಟೋ ಚಿತೆಗಳ ಮುಂದೆ ಅಪರಿಚಿತರು ನಿಂತು ಕೈಮುಗಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಅವರು ಮಾಡಿದ್ದೂ ಪಿತೃಕಾರ್ಯವೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಕೊನೆಯದಾಗಿ, ಅನೇಕರು ಸಂಕೋಚದಿಂದ ಕೇಳುವ ಒಂದು ಪ್ರಶ್ನೆ. ಅಜ್ಜನ ಹೆಸರು ಗೊತ್ತು, ಮುತ್ತಜ್ಜನದು ಗೊತ್ತಿಲ್ಲ, ಮುತ್ತಜ್ಜಿಯದಂತೂ ಮನೆಯಲ್ಲಿ ಯಾರಿಗೂ ನೆನಪಿಲ್ಲ, ಏನು ಮಾಡುವುದು? ಮೊದಲು, ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಇಂದೇ ಹತ್ತಿರ ಕುಳಿತು ಕೇಳಿ, ಬರೆದಿಟ್ಟುಕೊಳ್ಳಿ. ಹೆಂಗಸರ ಹೆಸರುಗಳನ್ನು ಮುಖ್ಯವಾಗಿ ಬರೆದುಕೊಳ್ಳಿ, ಮೊದಲು ಮರೆಯಾಗುವುದು ಅವೇ. ಕೇಳಲು ಯಾರೂ ಉಳಿದಿಲ್ಲದಿದ್ದರೆ ಅದಕ್ಕೂ ವಿಧಿಯಿದೆ. ಗೋತ್ರ ತಿಳಿಯದವರು ಕಾಶ್ಯಪ ಗೋತ್ರ ಎನ್ನಬೇಕು. ಹೆಸರು ತಿಳಿಯದಿದ್ದರೆ, ಭೂಮಿಯಲ್ಲಿ ನೆಲೆಸಿದ ಪಿತೃಗಳಿಗೆ ಎಂದು ತಂದೆಯ ಪಿಂಡ, ಅಂತರಿಕ್ಷದಲ್ಲಿ ನೆಲೆಸಿದ ಪಿತೃಗಳಿಗೆ ಎಂದು ಅಜ್ಜನದು, ದ್ಯುಲೋಕದಲ್ಲಿ ನೆಲೆಸಿದ ಪಿತೃಗಳಿಗೆ ಎಂದು ಮುತ್ತಜ್ಜನದು ಇಡಬೇಕು ಎಂದು ಸೂತ್ರಕಾರರು ಹೇಳಿದ್ದಾರೆ. ಹೆಸರು ಗೊತ್ತಿಲ್ಲವೆಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ.

ನಮಸ್ಕಾರ.