ಪಿಎಸ್‌ಪಿ ಕಸ್ಟಮ್ ಫರ್ಮ್‌ವೇರ್: ಏನೇನು ಹೊಸದು, ಕೆಟ್ಟರೆ ಏನು ಗತಿ

ಎಲ್ಲರಿಗೂ ನಮಸ್ಕಾರ.

ಸೋನಿಯ ಪ್ಲೇಸ್ಟೇಷನ್ ಪೋರ್ಟಬಲ್, ಅಂದರೆ ಪಿಎಸ್‌ಪಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. ಅದು ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 2004ರ ಡಿಸೆಂಬರ್‌ನಲ್ಲಿ. 2014ರಲ್ಲಿ ಸೋನಿ ಅದನ್ನು ನಿಲ್ಲಿಸಿತು. ಕೊನೆಯ ಅಧಿಕೃತ ಫರ್ಮ್‌ವೇರ್ (ಯಂತ್ರದೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) 6.61 ಬಂದದ್ದು 2015ರ ಜನವರಿಯಲ್ಲಿ. ಕಂಪನಿಯ ಲೆಕ್ಕದಲ್ಲಿ ಅಲ್ಲಿಗೆ ಕಥೆ ಮುಗಿಯಿತು. ಆದರೆ ಅದಾದ ಮೇಲೂ ಈ ಯಂತ್ರಕ್ಕೆ ಹೊಸ ಸೌಲಭ್ಯಗಳು ಸೇರುತ್ತಲೇ ಇವೆ. ಬರೆಯುವವರು ಮಾತ್ರ ಬೇರೆ.

ಹೊಸ ಕಸ್ಟಮ್ ಫರ್ಮ್‌ವೇರ್ ಬಂತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಏನೇನು ಹೊಸದು? ನಾನು ಮೊದಲು ಕೇಳುವುದು ಬೇರೆ: ಇದು ಕೆಟ್ಟರೆ ವಾಪಸ್ ಬರೋದು ಹೇಗೆ? ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತವೇ. ಎರಡನೆಯದಕ್ಕೆ ಸರಿಯಾದ ಉತ್ತರ ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆ ಕಡಿಮೆ ಅನ್ನೋದು ನನ್ನ ಅಭಿಪ್ರಾಯ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಸರಿಮಾಡಿಕೊಳ್ಳೋಣ. ಕಸ್ಟಮ್ ಫರ್ಮ್‌ವೇರ್ ಅಂದರೆ ಯಾರೋ ಕೂತು ಸೊನ್ನೆಯಿಂದ ಬರೆದ ಹೊಸ ವ್ಯವಸ್ಥೆ ಅಲ್ಲ. ಒಳಗಿರುವುದು ಹೆಚ್ಚೂಕಡಿಮೆ ಸೋನಿಯದೇ ಫರ್ಮ್‌ವೇರ್. ಯಂತ್ರ ಆನ್ ಆಗುವಾಗ ಅದರ ಒಂದೊಂದೇ ಭಾಗ, ಅಂದರೆ ಮಾಡ್ಯೂಲ್, ಮೆಮೊರಿಗೆ ಬರುತ್ತದೆ. ಆ ಹೊತ್ತಿಗೆ ಮಧ್ಯೆ ನಿಂತು, ಬೇಕಾದ ಕಡೆ ನಾಲ್ಕಾರು ಸೂಚನೆಗಳನ್ನು ತಿದ್ದಿ ಮುಂದೆ ಬಿಡುವುದು ಇದರ ಕೆಲಸ. ‘ಈ ಪ್ರೋಗ್ರಾಮಿಗೆ ಸೋನಿಯ ಸಹಿ ಇದೆಯಾ?’ ಎಂದು ಕೇಳುವ ಜಾಗದಲ್ಲಿ ‘ಇದೆ, ಹೋಗಲಿ ಬಿಡು’ ಅನ್ನುವ ಉತ್ತರ ಕೂರಿಸಿದರೆ, ಯಾರು ಬರೆದ ಪ್ರೋಗ್ರಾಮ್ ಬೇಕಾದರೂ ಓಡುತ್ತದೆ.

ಇದು ಇಷ್ಟು ಸಲೀಸಾಗಿ ಆಗಲಿಲ್ಲ. 1.50 ಫರ್ಮ್‌ವೇರ್ ಕಾಲದಲ್ಲಿ ಮನೆಯಲ್ಲಿ ಬರೆದ ಪ್ರೋಗ್ರಾಮ್ ಓಡಿಸಲು ಒಂದು ಕಳ್ಳದಾರಿ ಇತ್ತು. ಒಂದೇ ಹೆಸರಿನ ಎರಡು ಫೋಲ್ಡರ್ ಮಾಡಬೇಕು, ಒಂದರ ಹೆಸರಿನ ಕೊನೆಗೆ ಶೇಕಡಾ ಚಿಹ್ನೆ ಹಾಕಬೇಕು. ಯಂತ್ರ ಒಂದನ್ನು ಪರೀಕ್ಷಿಸಿ ಇನ್ನೊಂದನ್ನು ಓಡಿಸುತ್ತಿತ್ತು! ಇದರ ಅಡ್ಡಪರಿಣಾಮ ಏನಪ್ಪಾ ಅಂದರೆ, ಮೆನುವಿನಲ್ಲಿ ಪ್ರತಿ ಪ್ರೋಗ್ರಾಮಿನ ಪಕ್ಕದಲ್ಲೂ ‘ಡೇಟಾ ಹಾಳಾಗಿದೆ’ ಅನ್ನುವ ಒಂದು ಐಕಾನ್ ಕೂರುತ್ತಿತ್ತು. ಹತ್ತು ಪ್ರೋಗ್ರಾಮ್ ಇದ್ದರೆ ಹತ್ತು ಹಾಳು ಐಕಾನ್. ಮುಂದೆ ಬಂದ ಕಸ್ಟಮ್ ಫರ್ಮ್‌ವೇರ್‌ಗಳಲ್ಲಿ ಈ ಐಕಾನ್‌ಗಳನ್ನು ಮರೆಮಾಡುವ ಆಯ್ಕೆಯೇ ಒಂದು ಸೌಲಭ್ಯವಾಗಿ ಬಂತು. ನಗು ಬರುತ್ತದೆ, ಅಲ್ವಾ? ಆದರೆ ಇಂಥ ಸಣ್ಣ ಕಿರಿಕಿರಿಯಿಂದಲೇ ಎಷ್ಟೋ ಸೌಲಭ್ಯಗಳು ಹುಟ್ಟಿದವು.

2006ರಲ್ಲಿ ಡಾರ್ಕ್ ಅಲೆಕ್ಸ್ ಎಂಬ ಹೆಸರಿನ ಪ್ರೋಗ್ರಾಮರ್ 2.71 ಎಸ್‌ಇ ಬಿಡುಗಡೆ ಮಾಡಿದ. ಅಲ್ಲಿಯವರೆಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಹಳೆಯ 1.50ರಲ್ಲೇ ಉಳಿದರೆ ನಿಮ್ಮದೇ ಪ್ರೋಗ್ರಾಮ್ ಓಡಿಸಬಹುದು, ಹೊಸ ಆಟ ಆಡಲಾಗದು. ಅಪ್‌ಡೇಟ್ ಮಾಡಿದರೆ ಹೊಸ ಆಟ ಸಿಗುತ್ತದೆ, ಉಳಿದದ್ದೆಲ್ಲ ಹೋಗುತ್ತದೆ. ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟದ್ದು ಅವನ ಕೆಲಸ. ಆಮೇಲೆ ಓಇ, ಎಂ33 ಸರಣಿಗಳು ಬಂದವು. ಅವನು ಬಿಟ್ಟ ಮೇಲೆ ಜೆನ್, ಪ್ರೋ, ಎಲ್‌ಎಂಇ ಬಂದವು. ಈಗ ಸಕ್ರಿಯವಾಗಿರುವುದು ಆರ್ಕ್-4.

ಈಗ ಸೌಲಭ್ಯಗಳಿಗೆ ಬರೋಣ. ಎಲ್ಲವನ್ನೂ ಹೇಳುವುದಿಲ್ಲ, ನನಗೆ ಮುಖ್ಯ ಅನ್ನಿಸಿದ್ದು ಮಾತ್ರ.

ಯಂತ್ರ ಆನ್ ಮಾಡಿ ಮುಖ್ಯ ಮೆನುವಿಗೆ ಬನ್ನಿ. ಸೆಲೆಕ್ಟ್ ಬಟನ್ ಒತ್ತಿ. ಸೋನಿಯ ಚಂದದ ಮೆನುವಿನ ಮೇಲೆ ಒಂದು ಸಾದಾ ಅಕ್ಷರಗಳ ಪಟ್ಟಿ ತೆರೆಯುತ್ತದೆ. ನೋಡಲು ಏನೂ ಚೆನ್ನಾಗಿಲ್ಲ. ಇದರಲ್ಲಿ ಮೊದಲೇ ಸಿಗುವುದು ಪ್ರೊಸೆಸರ್ ವೇಗ.

ಪಿಎಸ್‌ಪಿಯ ಪ್ರೊಸೆಸರ್ 333 ಮೆಗಾಹರ್ಟ್ಸ್‌ವರೆಗೆ ಓಡಬಲ್ಲದು. ಆದರೆ ಸೋನಿ ಆರಂಭದಲ್ಲಿ ಆಟಗಳಿಗೆ 222ರ ಮಿತಿ ಹಾಕಿತ್ತು. 2007ರಲ್ಲಿ ಬಂದ 3.50 ಫರ್ಮ್‌ವೇರ್‌ನಲ್ಲಿ ಆ ಮಿತಿ ತೆಗೆದರು. ಹಾಗಂತ ಅದಕ್ಕೂ ಮೊದಲು ಬಂದ ಆಟಗಳು ವೇಗವಾಗಲಿಲ್ಲ. ಅವು 222ನ್ನೇ ಕೇಳುತ್ತಿದ್ದವು, ಯಂತ್ರ 222ನ್ನೇ ಕೊಡುತ್ತಿತ್ತು. ಕಸ್ಟಮ್ ಫರ್ಮ್‌ವೇರ್‌ನಲ್ಲಿ ಆಟ ಏನೇ ಕೇಳಲಿ, ನೀವು 333 ಕೊಡಬಹುದು. ಜಾಸ್ತಿ ಶತ್ರುಗಳು ತೆರೆಗೆ ಬಂದಾಗ ತಡವರಿಸುತ್ತಿದ್ದ ಆಟ ನಯವಾಗಿ ಓಡುತ್ತದೆ. ಎಲ್ಲ ಆಟಕ್ಕೂ ಅಲ್ಲ. ಸೆಕೆಂಡಿಗೆ 30 ಚೌಕಟ್ಟು (ಫ್ರೇಮ್) ಅಂತ ಆಟವೇ ತನಗೆ ಮಿತಿ ಹಾಕಿಕೊಂಡಿದ್ದರೆ ಅದನ್ನು ದಾಟುವುದಿಲ್ಲ. ಬ್ಯಾಟರಿಯೂ ಬೇಗ ಇಳಿಯುತ್ತದೆ. ನನಗೆ ಇದರಲ್ಲಿ ಇಷ್ಟವಾಗುವುದು ವೇಗ ಏರಿಸುವುದಲ್ಲ, ಇಳಿಸುವುದು. ಸುಮ್ನೆ ಹಾಡು ಕೇಳುವಾಗ 222 ಯಾಕೆ ಬೇಕು? ಇಳಿಸಿ ಇಟ್ಟರೆ ಚಾರ್ಜ್ ಹೆಚ್ಚು ಹೊತ್ತು ಬರುತ್ತದೆ.

ಅದೇ ಪಟ್ಟಿಯಲ್ಲಿ ಯುಎಸ್‌ಬಿ ಆಯ್ಕೆಯೂ ಇದೆ. ಸಾಮಾನ್ಯವಾಗಿ ಯುಎಸ್‌ಬಿ ಹಾಕಿದರೆ ಕಂಪ್ಯೂಟರಿಗೆ ಕಾಣುವುದು ಮೆಮೊರಿ ಸ್ಟಿಕ್ ಎಂಬ ಕಾರ್ಡ್ ಮಾತ್ರ. ಇಲ್ಲಿ ಅದರ ಬದಲು ‘ಯುಎಂಡಿ ಡಿಸ್ಕ್’ ಎಂದು ಆರಿಸಿದರೆ, ಒಳಗಿರುವ ಆಟದ ಡಿಸ್ಕ್ (ಪಿಎಸ್‌ಪಿಯ ಡಿಸ್ಕಿಗೆ ಯುಎಂಡಿ ಎಂದು ಹೆಸರು) ಒಂದು ಐಎಸ್‌ಒ ಫೈಲಾಗಿ, ಅಂದರೆ ಡಿಸ್ಕಿನ ಪೂರ್ತಿ ಪ್ರತಿಯಾಗಿ, ಕಾಣುತ್ತದೆ. ಎಳೆದು ಕಾಪಿ ಮಾಡಿಕೊಂಡರೆ ಆಯಿತು. ಡಿಸ್ಕಿನಿಂದ ಓದಬೇಕಾದರೆ ಮೋಟಾರ್ ತಿರುಗಬೇಕು, ಲೆನ್ಸ್ ಸರಿಯಬೇಕು. ಮೆಮೊರಿ ಸ್ಟಿಕ್‌ನಿಂದ ಓದಿದರೆ ಆ ರಗಳೆ ಇಲ್ಲ. ಲೋಡಿಂಗ್ ಬೇಗ ಆಗುತ್ತದೆ, ಬ್ಯಾಟರಿ ಉಳಿಯುತ್ತದೆ. ಡ್ರೈವ್ ಕೆಟ್ಟು ಹೋದ ಯಂತ್ರಕ್ಕಂತೂ ಬೇರೆ ದಾರಿಯೇ ಇಲ್ಲ. ಇದೇ ಸೌಲಭ್ಯದಿಂದ ಕದ್ದ ಆಟಗಳ ಹಾವಳಿಯೂ ದೊಡ್ಡದಾಗಿ ನಡೆಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾನು ಮಾತಾಡುತ್ತಿರುವುದು ನೀವು ದುಡ್ಡು ಕೊಟ್ಟು ಕೊಂಡ ಡಿಸ್ಕಿನ ವಿಷಯ.

ಒಂದು ಡಿಸ್ಕ್ 1.8 ಜಿಬಿವರೆಗೆ ಇರಬಹುದು. ಅಂದಿನ ಮೆಮೊರಿ ಸ್ಟಿಕ್‌ಗಳಿಗೆ ಅದು ಭಾರೀ ಗಾತ್ರ. ಹಾಗಾಗಿ ಸಿಎಸ್‌ಒ ಎಂಬ ಕುಗ್ಗಿಸಿದ ಫೈಲ್ ಬಂತು. ಇದರ ಒಳಗುಟ್ಟು ಸ್ವಲ್ಪ ಹತ್ತಿರದಿಂದ ನೋಡಿ. ಇಡೀ ಫೈಲನ್ನು ಒಟ್ಟಿಗೆ ಕುಗ್ಗಿಸಿದರೆ ಮಧ್ಯದಿಂದ ಓದಲು ಬರುವುದಿಲ್ಲ. ಅದಕ್ಕೇ 2048 ಬೈಟ್‌ಗಳ ತುಂಡು ತುಂಡಾಗಿ ಕುಗ್ಗಿಸುತ್ತಾರೆ. ಯಾವ ತುಂಡು ಎಲ್ಲಿದೆ ಅನ್ನುವ ಪಟ್ಟಿ ಫೈಲಿನ ಮೊದಲಲ್ಲೇ ಇರುತ್ತದೆ. ಆಟ ‘ಆ ಜಾಗದ್ದು ಕೊಡು’ ಅಂದಾಗ ಪಟ್ಟಿ ನೋಡಿ, ಆ ತುಂಡು ಬಿಚ್ಚಿ ಕೊಡಬೇಕು. ಬಿಚ್ಚುವ ಕೆಲಸ ಆಟ ಓಡಿಸುತ್ತಿರುವ ಪ್ರೊಸೆಸರಿನ ಮೇಲೇ ಬೀಳುತ್ತದೆ. ಅದಕ್ಕೇ ವಿಡಿಯೊ ದೃಶ್ಯ ಬಂದಾಗ ಸಿಎಸ್‌ಒ ತಡವರಿಸುತ್ತಿತ್ತು. ಈಚಿನ ಫರ್ಮ್‌ವೇರ್‌ಗಳು ಝಡ್‌ಎಸ್‌ಒ ಎಂಬ ಇನ್ನೊಂದು ಬಗೆಯನ್ನೂ ಓದುತ್ತವೆ. ಅದು ಅಷ್ಟೊಂದು ಚಿಕ್ಕದಾಗುವುದಿಲ್ಲ, ಆದರೆ ಬಹಳ ಬೇಗ ಬಿಚ್ಚಿಕೊಳ್ಳುತ್ತದೆ. ಈಗ ಕಾರ್ಡ್‌ಗಳಲ್ಲಿ ಜಾಗಕ್ಕೆ ಬರ ಇಲ್ಲ. ನನ್ನನ್ನು ಕೇಳಿದರೆ ಕುಗ್ಗಿಸದೆ ಐಎಸ್‌ಒ ಆಗಿಯೇ ಇಡಿ, ತಲೆನೋವು ಕಡಿಮೆ.

ಇನ್ನು ನೆಟ್‌ವರ್ಕ್. ಪಿಎಸ್‌ಪಿಯ ಎಷ್ಟೋ ಆಟಗಳಲ್ಲಿ ಜೊತೆಗೂಡಿ ಆಡಬೇಕಾದರೆ ಇಬ್ಬರೂ ಒಂದೇ ಕೋಣೆಯಲ್ಲಿ ಇರಬೇಕಿತ್ತು. ಯಂತ್ರದಿಂದ ಯಂತ್ರಕ್ಕೆ ನೇರ ವೈಫೈ, ಮಧ್ಯೆ ಇಂಟರ್ನೆಟ್ ಇಲ್ಲ. ಪ್ರೋ ಫರ್ಮ್‌ವೇರ್ ತಂಡ ಮಾಡಿದ ಉಪಾಯ ನನಗೆ ತುಂಬಾ ಮೆಚ್ಚುಗೆ. ಆಟ ನೇರ ವೈಫೈಗೆ ಅಂತ ಕರೆಯುವ ಲೈಬ್ರರಿಯನ್ನೇ ಬದಲಿಸಿದರು. ಆಟದ ಪಾಲಿಗೆ ಎಲ್ಲವೂ ಹಳೆಯ ಹಾಗೇ. ‘ಹತ್ತಿರ ಯಾರಿದ್ದಾರೆ?’ ಎಂದು ಅದು ಕೇಳುತ್ತದೆ. ಉತ್ತರ ಬರುವುದು ಮಾತ್ರ ಇಂಟರ್ನೆಟ್‌ನಲ್ಲಿರುವ ಒಂದು ಸರ್ವರ್‌ನಿಂದ. ಬೇರೆ ದೇಶದಲ್ಲಿ ಕೂತವರೂ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತಾರೆ. ಮುಂದೆ, ಪಿಎಸ್‌ಪಿ ಆಟಗಳನ್ನು ಬೇರೆ ಸಾಧನಗಳಲ್ಲಿ ಓಡಿಸುವ ಪಿಪಿಎಸ್‌ಎಸ್‌ಪಿಪಿ ಎಮ್ಯುಲೇಟರ್ ಕೂಡ ಇದೇ ಪದ್ಧತಿ ಹಿಡಿಯಿತು. ಒಂದೇ ಕೋಣೆಯ ಲೆಕ್ಕದಲ್ಲಿ ಬರೆದ ಆಟಗಳಾದ್ದರಿಂದ, ಸಂಪರ್ಕ ಸ್ವಲ್ಪ ತಡವಾದರೂ ಕೆಲವು ಮುನಿಸಿಕೊಳ್ಳುತ್ತವೆ.

ಇದಕ್ಕೂ ಮೊದಲಿನ ತೊಡಕು ಒಂದಿದೆ. ವೈಫೈ ಭದ್ರತೆಯ ವಿಧಾನಗಳಲ್ಲಿ ಪಿಎಸ್‌ಪಿಗೆ ಗೊತ್ತಿದ್ದದ್ದು ವೆಪ್ ಮತ್ತು ಹಳೆಯ ಡಬ್ಲ್ಯುಪಿಎ ಮಾತ್ರ. ಈಗಿನ ಬಹುತೇಕ ರೂಟರ್‌ಗಳು ಡಬ್ಲ್ಯುಪಿಎ2 ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಈ ಯಂತ್ರಕ್ಕಾಗಿ ರೂಟರ್‌ನ ಭದ್ರತೆ ಇಳಿಸಿ ಕೂರುವುದು ಬುದ್ಧಿವಂತಿಕೆಯಲ್ಲ. ಈಗ ಡಬ್ಲ್ಯುಪಿಎ2 ಕಲಿಸುವ ಪ್ಲಗಿನ್ ಬಂದಿದೆ. ವೇಗ ಅದೇ ಹಳೆಯ 802.11ಬಿ, ಅದು ಹಾರ್ಡ್‌ವೇರ್‌ನ ಮಿತಿ. ಆದರೆ ಕನೆಕ್ಟ್ ಆಗುತ್ತದಲ್ಲ, ಅದೇ ದೊಡ್ಡದು.

ಪ್ಲಗಿನ್ ಅಂದೆ, ಅಂದರೆ ಫರ್ಮ್‌ವೇರ್‌ಗೆ ಹೊರಗಿನಿಂದ ಸೇರಿಸುವ ಸಣ್ಣ ಪ್ರೋಗ್ರಾಮ್. ಇಡೀ ಕಸ್ಟಮ್ ಫರ್ಮ್‌ವೇರ್‌ನ ಜೀವಾಳ ಇದೇ, ಅಪಾಯ ಇರುವುದೂ ಇಲ್ಲೇ. ಹಿಂದೆ ಮೂರು ಪಠ್ಯ ಫೈಲ್ ಇರುತ್ತಿದ್ದವು: ಮುಖ್ಯ ಮೆನುವಿಗೆ ಒಂದು, ಆಟಗಳಿಗೆ ಒಂದು, ಹಳೆಯ ಪ್ಲೇಸ್ಟೇಷನ್ ಆಟಗಳಿಗೆ ಒಂದು. ಒಂದು ಸಾಲಿಗೆ ಒಂದು ಪ್ಲಗಿನ್‌ನ ವಿಳಾಸ, ಕೊನೆಯಲ್ಲಿ 1 ಇದ್ದರೆ ಆನ್, 0 ಇದ್ದರೆ ಆಫ್. ಆರ್ಕ್-4ರಲ್ಲಿ ಒಂದೇ ಫೈಲ್ ಸಾಕು. ಸಾಲಿನ ಮೊದಲಲ್ಲೇ ಇದು ಮೆನುವಿಗೋ, ಎಲ್ಲ ಆಟಕ್ಕೋ, ಇದೊಂದೇ ಆಟಕ್ಕೋ ಎಂದು ಬರೆಯಬಹುದು. ಚಿಕ್ಕ ಬದಲಾವಣೆ, ಆದರೆ ಬಳಸುವವರಿಗೆ ಬಹಳ ಆರಾಮ.

ಪ್ಲಗಿನ್ ಓಡುವುದು ಸಾಮಾನ್ಯವಾಗಿ ಕರ್ನಲ್‌ನ, ಅಂದರೆ ವ್ಯವಸ್ಥೆಯ ತಿರುಳಿನ, ಒಳಗೆ. ಅಲ್ಲಿ ಅದನ್ನು ತಡೆಯುವವರು ಯಾರೂ ಇಲ್ಲ. ಮುಖ್ಯ ಮೆನುವಿಗೆ ಹಾಕಿದ ಪ್ಲಗಿನ್ ಕೆಟ್ಟದ್ದಾಗಿದ್ದರೆ ಯಂತ್ರ ಆನ್ ಆಗುತ್ತಲೇ ಕುಸಿಯುತ್ತದೆ. ಮತ್ತೆ ಆನ್ ಮಾಡಿ, ಮತ್ತೆ ಕುಸಿತ. ಮೆನುವಿಗೇ ಹೋಗಲಾಗದ ಮೇಲೆ ಪ್ಲಗಿನ್ ಆಫ್ ಮಾಡೋದು ಎಲ್ಲಿಂದ?

ಇದಕ್ಕೆ ಉತ್ತರ ಬಲಗಡೆಯ ಆರ್ ಬಟನ್. ಅದನ್ನು ಒತ್ತಿ ಹಿಡಿದು ಯಂತ್ರ ಆನ್ ಮಾಡಿ. ಸೋನಿಯ ಮೆನು ಬರುವ ಮೊದಲೇ ರಿಕವರಿ ಮೆನು ಬರುತ್ತದೆ. ಯುಎಸ್‌ಬಿ ಆನ್ ಮಾಡಬಹುದು, ಪ್ಲಗಿನ್‌ಗಳನ್ನು ಒಂದೊಂದಾಗಿ ಆಫ್ ಮಾಡಬಹುದು, ಮೆಮೊರಿ ಸ್ಟಿಕ್‌ನಲ್ಲಿ ಇಟ್ಟ ದುರಸ್ತಿ ಪ್ರೋಗ್ರಾಮ್ ಓಡಿಸಬಹುದು. ಡಾರ್ಕ್ ಅಲೆಕ್ಸ್ ಕಾಲದಿಂದಲೂ ಇದು ಇದೆ. ಹೊಸ ಸೌಲಭ್ಯಗಳ ಪಟ್ಟಿಯಲ್ಲಿ ಯಾರೂ ಇದನ್ನು ಹೊಗಳುವುದಿಲ್ಲ. ಜನ ಧೈರ್ಯವಾಗಿ ಹೊಸ ಪ್ಲಗಿನ್ ಹಾಕಿ ನೋಡಿದ್ದೇ ಇದು ಇದ್ದದ್ದಕ್ಕೆ.

ಫರ್ಮ್‌ವೇರ್ ಕೂತಿರುವ ಫ್ಲ್ಯಾಶ್ ಮೆಮೊರಿಯೇ ಹಾಳಾದರೆ ರಿಕವರಿ ಮೆನುವೂ ಬರುವುದಿಲ್ಲ. ಹಸಿರು ದೀಪ ಹತ್ತುತ್ತದೆ, ತೆರೆ ಕಪ್ಪಾಗೇ ಇರುತ್ತದೆ. ಇದನ್ನೇ ಬ್ರಿಕ್ ಅನ್ನುವುದು. 2007ರಲ್ಲಿ ಇದಕ್ಕೂ ದಾರಿ ಸಿಕ್ಕಿತು, ಪಂಡೋರಾ ಬ್ಯಾಟರಿ. ಸೋನಿಯ ಸರ್ವಿಸ್ ಸೆಂಟರ್‌ಗಳಿಗಾಗಿ ಇಟ್ಟ ಒಂದು ಬಾಗಿಲು ಅದು. ಬ್ಯಾಟರಿಯೊಳಗೆ ಒಂದು ಕ್ರಮಸಂಖ್ಯೆ ಇರುತ್ತದೆ. ಅದರ ನಾಲ್ಕು ಬೈಟ್‌ಗಳೂ ಗರಿಷ್ಠ ಬೆಲೆಯಲ್ಲಿದ್ದರೆ, ಯಂತ್ರ ತನ್ನ ಫ್ಲ್ಯಾಶ್ ಬಿಟ್ಟು ಮೆಮೊರಿ ಸ್ಟಿಕ್‌ನಿಂದ ಬೂಟ್ ಆಗುತ್ತದೆ. ಆ ಬ್ಯಾಟರಿ ಹಾಕಿದ ತಕ್ಷಣ, ಸ್ವಿಚ್ ಮುಟ್ಟುವ ಮೊದಲೇ, ಯಂತ್ರ ತಾನಾಗಿ ಆನ್ ಆಗುತ್ತದೆ. ಅಲ್ಲಿಂದ ಫರ್ಮ್‌ವೇರ್ ಮತ್ತೆ ಬರೆದರೆ ಬ್ರಿಕ್ ಆದದ್ದು ಎದ್ದು ಕೂರುತ್ತದೆ.

ಸೋನಿ ಸುಮ್ಮನಿರಲಿಲ್ಲ. ಪಿಎಸ್‌ಪಿ-2000 ಮಾದರಿಯ ಕೊನೆಯ ಬೋರ್ಡ್‌ಗಳಲ್ಲಿ, ಆಮೇಲೆ ಪಿಎಸ್‌ಪಿ-3000ದಲ್ಲಿ, ಈ ಬಾಗಿಲನ್ನು ಮುಚ್ಚಿತು. ಅಲ್ಲಿ ಕಸ್ಟಮ್ ಫರ್ಮ್‌ವೇರ್ ಬಂದರೂ ಬಹಳ ಕಾಲ ಅದು ತಾತ್ಕಾಲಿಕವಾಗಿತ್ತು. ಪೂರ್ತಿ ಆಫ್ ಮಾಡಿದರೆ ಹೋಯಿತು, ಮತ್ತೆ ಒಂದು ಸಣ್ಣ ಪ್ರೋಗ್ರಾಮ್ ಓಡಿಸಬೇಕು. ಜನ ಇದನ್ನು ಕೊರತೆ ಎಂದು ಬೈಯುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ವಾಪಸ್ ಬರುವ ದಾರಿ ಇಲ್ಲದ ಯಂತ್ರದಲ್ಲಿ, ಆಫ್ ಮಾಡಿದರೆ ಮೊದಲಿನಂತಾಗುವುದೇ ಸರಿಯಾದ ವಿನ್ಯಾಸ. ಮುಂದೆ ಇನ್‌ಫಿನಿಟಿ ಬಂತು. ಎಲ್ಲ ಮಾದರಿಗಳಲ್ಲೂ ಶಾಶ್ವತವಾಗಿ ಉಳಿಯುವ ವ್ಯವಸ್ಥೆ ಅದು. 2021ರಲ್ಲಿ ಬ್ಯಾರಿಯಾನ್ ಸ್ವೀಪರ್ ಬಂದ ಮೇಲೆ 3000ದಂಥ ಮಾದರಿಗಳಿಗೂ ಸರ್ವಿಸ್ ಬಾಗಿಲು ತೆರೆಯಿತು. ಕಂಪ್ಯೂಟರಿಗೆ ಒಂದು ಸೀರಿಯಲ್ ಅಡಾಪ್ಟರ್ ಕಟ್ಟಿ, ‘ನಾನೇ ಸರ್ವಿಸ್ ಬ್ಯಾಟರಿ’ ಎಂದು ಯಂತ್ರಕ್ಕೆ ನಂಬಿಸುವ ಕೆಲಸ ಅದು. ವರ್ಷಗಟ್ಟಲೆ ಬ್ರಿಕ್ ಆಗಿ ಡಬ್ಬದಲ್ಲಿ ಬಿದ್ದಿದ್ದ ಯಂತ್ರಗಳು ಹೀಗೆ ಎದ್ದಿವೆ.

ಕೊನೆಗೆ, ಕಸ್ಟಮ್ ಫರ್ಮ್‌ವೇರ್ ಹಾಕಲು ಹೊರಟವರಿಗೆ ಒಂದು ಮಾತು. ಮೊದಲು ಯಂತ್ರದ ಫ್ಲ್ಯಾಶ್ ಮೆಮೊರಿಯ ಪೂರ್ತಿ ನಕಲು ತೆಗೆದು ಕಂಪ್ಯೂಟರಿನಲ್ಲಿ ಇಡಿ. ಗೆಳೆಯರ ಯಂತ್ರದ ನಕಲು ನಿಮ್ಮದಕ್ಕೆ ಆಗುವುದಿಲ್ಲ, ಯಾಕೆಂದರೆ ಪ್ರತಿ ಯಂತ್ರಕ್ಕೂ ಸೇರಿದ ಗುರುತಿನ ಮಾಹಿತಿ ಅದರಲ್ಲಿ ಇರುತ್ತದೆ. ಫರ್ಮ್‌ವೇರ್ ಬರೆಯುವಾಗ ಚಾರ್ಜರ್ ಹಾಕಿಯೇ ಇರಲಿ. ಯಾವ ಮಾದರಿ ಎಂದು ಹಿಂಬದಿಯ ಚೀಟಿ ನೋಡಿ ಖಚಿತ ಮಾಡಿಕೊಳ್ಳಿ. 1000ಕ್ಕೆ ಮಾಡಿದ್ದನ್ನು 3000ಕ್ಕೆ ಬರೆದು ಯಂತ್ರ ಕಳೆದುಕೊಂಡವರು ಇದ್ದಾರೆ. ಪ್ಲಗಿನ್‌ಗಳನ್ನು ಒಂದೊಂದಾಗಿ ಸೇರಿಸಿ, ಹತ್ತನ್ನು ಒಟ್ಟಿಗೆ ಹಾಕಿದರೆ ತಪ್ಪು ಯಾರದು ಎಂದು ಗೊತ್ತಾಗುವುದಿಲ್ಲ.

ಮೇಜಿನ ಮೇಲೆ ಎರಡು ಯಂತ್ರ ಇಟ್ಟಿದ್ದೇನೆ. ಆರ್ ಒತ್ತಿ ಆನ್ ಮಾಡಿ ನೋಡಬೇಕು ಅನ್ನುವವರು ಮುಂದೆ ಬನ್ನಿ. ಪ್ರಶ್ನೆಗಳಿದ್ದರೆ ಅಲ್ಲೇ ಕೇಳಿ.