ಮದನ, ದಮನ, ಕದನ: ಅನುಕ್ರಮದ ದತ್ತಾಂಶವನ್ನು ಗುಂಪಾಗಿಸುವ ಬಗೆ

ಕೇಳುಗರಿಗೆ ನಮಸ್ಕಾರ.

ಮದನ, ದಮನ, ಕದನ. ಈ ಮೂರರಲ್ಲಿ ಯಾವ ಎರಡು ಪದಗಳು ಹೆಚ್ಚು ಹತ್ತಿರದವು? ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಮಾತ್ರ ಎಣಿಸುವವರಿಗೆ ಮದನವೂ ದಮನವೂ ಒಂದೇ. ಎರಡರಲ್ಲಿಯೂ ಇರುವುದು ಅವೇ ಮ, ದ, ನ. ಆದರೆ ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಅಳಿಸಬೇಕು ಅಥವಾ ಬದಲಿಸಬೇಕು ಎಂದು ಲೆಕ್ಕ ಹಾಕಿದರೆ ಮದನದಿಂದ ಕದನಕ್ಕೆ ಒಂದೇ ಹೆಜ್ಜೆ, ದಮನಕ್ಕೆ ಎರಡು. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಮುಂದಿಟ್ಟ ಅಳತೆ ಇದು. ಅಳತೆಗೋಲು ಬದಲಾದೊಡನೆ ನೆಂಟಸ್ತಿಕೆಯೇ ಬದಲಾಯಿತು.

ಯಾರೂ ಹೆಸರಿಟ್ಟು ವಿಂಗಡಿಸಿರದ ಮಾಹಿತಿಯ ರಾಶಿಯಲ್ಲಿ ಒಂದನ್ನೊಂದು ಹೋಲುವವುಗಳನ್ನು ಒಟ್ಟುಗೂಡಿಸುವುದಕ್ಕೆ ದತ್ತಾಂಶ ಗಣಿಗಾರಿಕೆಯಲ್ಲಿ, ಎಂದರೆ ರಾಶಿ ಮಾಹಿತಿಯಲ್ಲಿ ಅಡಗಿರುವ ವಿನ್ಯಾಸಗಳನ್ನು ಹುಡುಕುವ ವಿದ್ಯೆಯಲ್ಲಿ, ಕ್ಲಸ್ಟರಿಂಗ್ ಎನ್ನುತ್ತಾರೆ. ಗುಂಪುಗಾರಿಕೆ ಎಂದರೆ ನಮಗೆ ರಾಜಕೀಯ ಪಕ್ಷಗಳ ನೆನಪಾಗುವುದರಿಂದ ನಾನಿದನ್ನು ಗುಂಪೀಕರಣ ಎನ್ನುತ್ತೇನೆ. ಡಿಎನ್‌ಎ ಸರಣಿ, ಜಾಲತಾಣದಲ್ಲಿ ಒಬ್ಬರು ಪುಟದಿಂದ ಪುಟಕ್ಕೆ ಸಾಗಿದ ದಾರಿ, ಹೃದಯದ ಇಸಿಜಿ, ಇವುಗಳಲ್ಲೆಲ್ಲ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ. ಇಲ್ಲಿ ಗುಂಪು ಮಾಡುವ ವಿಧಾನ ಯಾವುದೆಂದು ತಲೆಕೆಡಿಸಿಕೊಳ್ಳುವುದಕ್ಕಿಂತ ಮೊದಲು ದೂರವನ್ನು ಹೇಗೆ ಅಳೆಯುತ್ತೇವೆ ಎಂದು ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಇಸಿಜಿಯನ್ನೇ ನೋಡೋಣ. ಅಮೆರಿಕದ ಎಂಐಟಿ ಮತ್ತು ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆ ರೂಪಿಸಿದ ಪ್ರಸಿದ್ಧ ಸಂಗ್ರಹದಲ್ಲಿ ಅರ್ಧರ್ಧ ಗಂಟೆಯ 48 ದಾಖಲೆಗಳಿದ್ದು, ಪ್ರತಿ ಸೆಕೆಂಡಿಗೆ 360 ಅಳತೆಗಳನ್ನು ದಾಖಲಿಸಲಾಗಿದೆ. ಎರಡು ಬಡಿತಗಳನ್ನು ಬಿಂದುವಿಗೆ ಬಿಂದು ಇಟ್ಟು ಹೋಲಿಸಿದರೆ, ಒಂದರ ಶಿಖರ ತುಸು ತಡವಾದರೂ ಸಾಕು, ಅದು ಇನ್ನೊಂದರ ಇಳಿಜಾರಿಗೆ ಎದುರಾಗಿ, ಒಂದೇ ಆಕಾರದ ಬಡಿತಗಳು ದೂರವಾಗಿಬಿಡುತ್ತವೆ. ಒಂದೇ ಕೀರ್ತನೆಯನ್ನು ಒಬ್ಬರು ವಿಳಂಬ ಕಾಲದಲ್ಲಿಯೂ ಇನ್ನೊಬ್ಬರು ಮಧ್ಯಮ ಕಾಲದಲ್ಲಿಯೂ ಹಾಡಿದರೆ ನಮ್ಮ ಕಿವಿ ಮೋಸಹೋಗುವುದಿಲ್ಲವಷ್ಟೆ. ಆ ಜಾಣತನವನ್ನು ಯಂತ್ರಕ್ಕೆ ಕೊಡುವ ಕ್ರಮಕ್ಕೆ ಡೈನಾಮಿಕ್ ಟೈಮ್ ವಾರ್ಪಿಂಗ್ ಎಂದು ಹೆಸರು. ಕಾಲವನ್ನು ಅಲ್ಲಲ್ಲಿ ಹಿಗ್ಗಿಸಿ ಕುಗ್ಗಿಸಿ ಶಿಖರಕ್ಕೆ ಶಿಖರವನ್ನು ಹೊಂದಿಸುವ ಈ ಕ್ರಮವನ್ನು ಜಪಾನಿನ ಸಾಕೋಯೆ ಮತ್ತು ಚಿಬಾ 1978ರಲ್ಲಿ ಉಚ್ಚರಿಸಿದ ಪದಗಳನ್ನು ಗುರುತಿಸಲು ಬಳಸಿದರು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದು ಬಡಿತದ ಪ್ರತಿ ಬಿಂದುವನ್ನೂ ಇನ್ನೊಂದರ ಪ್ರತಿ ಬಿಂದುವಿನೊಡನೆ ಹೋಲಿಸುವ ಕೋಷ್ಟಕವೊಂದನ್ನು ಬರೆದು, ತಲಾ ಒಂದು ಸೆಕೆಂಡಿನ ಎರಡು ಬಡಿತಗಳಿಗೆ 360ರಿಂದ 360 ಗುಣಿಸಿ 1,29,600 ಚೌಕಗಳನ್ನು ತುಂಬಬೇಕು. ಅದಕ್ಕಾಗಿಯೇ ಆ ಕೋಷ್ಟಕದ ಮೂಲೆಯಿಂದ ಮೂಲೆಗೆ ಹಾಯುವ ಕರ್ಣರೇಖೆಯ ಆಚೀಚಿನ ಕಿರಿದಾದ ಪಟ್ಟಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದುಂಟು.

ಗುಂಪಿಗೊಬ್ಬ ಪ್ರತಿನಿಧಿ ಬೇಕೆಂದು ಸರಾಸರಿ ತೆಗೆದರೆ ಇನ್ನೊಂದು ಪೇಚು. ಹಿಂದೆಮುಂದೆ ಸರಿದ ಎರಡು ಚೂಪು ಶಿಖರಗಳ ಸರಾಸರಿ ಎರಡು ಗಿಡ್ಡ ದಿಬ್ಬಗಳಾಗುತ್ತದೆ. ಅಂಥ ಬಡಿತ ಆ ಎರಡರಲ್ಲಿ ಯಾವುದೂ ಅಲ್ಲ. ಆದ್ದರಿಂದ ಉಳಿದವರಿಗೆಲ್ಲ ಹೆಚ್ಚು ಹತ್ತಿರವಿರುವ ಸದಸ್ಯನನ್ನೇ ಪ್ರತಿನಿಧಿಯಾಗಿ ಆರಿಸುವುದು ಮೇಲು.

ಉದ್ದನೆಯ ಒಂದೇ ದಾಖಲೆಯ ಮೇಲೆ ನಿಗದಿತ ಉದ್ದದ ಕಿಟಕಿಯೊಂದನ್ನು ಒಂದೊಂದೇ ಬಿಂದು ಸರಿಸುತ್ತ ತುಣುಕುಗಳನ್ನು ತೆಗೆದು ಗುಂಪು ಮಾಡುವ ಪದ್ಧತಿ ಬಹುಕಾಲ ರೂಢಿಯಲ್ಲಿತ್ತು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿಶ್ವವಿದ್ಯಾಲಯದ ಏಮನ್ ಕಿಯೋ, ಜೆಸ್ಸಿಕಾ ಲಿನ್ ಮತ್ತು ಸಂಗಡಿಗರು 2003ರಲ್ಲಿ ಇದರ ಟೊಳ್ಳನ್ನು ಬಯಲು ಮಾಡಿದರು: ದತ್ತಾಂಶ ಯಾವುದೇ ಆಗಿರಲಿ, ಗುಂಪುಗಳ ಕೇಂದ್ರಗಳು, ಎಂದರೆ ಅವುಗಳ ಸರಾಸರಿ ಆಕಾರಗಳು, ಸೈನ್ ಅಲೆಯಂಥ ಅದೇ ನುಣುಪು ಏರಿಳಿತಗಳಾಗಿಯೇ ಹೊರಬರುತ್ತಿದ್ದವು. ಇಸಿಜಿಯಲ್ಲಾದರೆ ಪ್ರತಿ ಬಡಿತಕ್ಕೂ ಎದ್ದು ಕಾಣುವ ಒಂದು ಶಿಖರವಿರುವುದರಿಂದ, ಕತ್ತರಿಸಬೇಕಾದದ್ದು ಎಲ್ಲಿ ಎಂಬುದನ್ನು ಹೃದಯವೇ ಗುರುತು ಹಾಕಿಕೊಟ್ಟಿರುತ್ತದೆ.