ಸಿಕ್ಕಿಬಿದ್ದ ಮೇಲೂ ಇವರ ಅಂಗಡಿ ಯಾಕೆ ಮುಚ್ಚುವುದಿಲ್ಲ?

ನಮಸ್ಕಾರ. ಅಂಕೋಲಾದಿಂದ ಒಬ್ಬ ಹುಡುಗ ಒಂದು ವಿಡಿಯೋ ಕಳಿಸಿದ್ದಾನೆ. ಮೊದಲು ಅದನ್ನು ನೋಡಿ.

(ಪರದೆಯ ಮೇಲೆ: ಅಲುಗಾಡುವ ಮೊಬೈಲ್ ದೃಶ್ಯ. ಕತ್ತಲು. ಮೂರು ಬೆಳಕಿನ ಚುಕ್ಕಿ.)

ಕಾರವಾರದ ಟ್ಯಾಗೋರ್ ಬೀಚು, ಅಮಾವಾಸ್ಯೆಯ ಆಸುಪಾಸಿನ ರಾತ್ರಿ. ಎರಡು ಹಸಿರು ದೀಪ, ಅಲ್ಲಾಡುವುದಿಲ್ಲ. ಮೂರನೆಯದು ಬಿಳಿ. ಹೊತ್ತುತ್ತದೆ, ಆರುತ್ತದೆ, ಹೊತ್ತುತ್ತದೆ, ಆರುತ್ತದೆ. ಕೆಳಗೆ ಅವನು ಬರೆದಿದ್ದು: "ಅಣ್ಣಾ, ಇದು ಯುಎಫ್‌ಒ ಹೌದಾ? ಒಬ್ಬರು ಇದರ ಸಂದೇಶ ಓದಿದ್ದಾರಂತೆ."

ಆ "ಒಬ್ಬರು" ಯಾರು ಅಂತ ಹುಡುಕಿದೆ. ಸಿಕ್ಕರು. ಅನ್ಯಗ್ರಹದವರ ಜೊತೆ ಮನಸ್ಸಿನಲ್ಲೇ ಮಾತಾಡುತ್ತಾರೆ, ಸತ್ತವರ ಜೊತೆಗೂ ಮಾತಾಡುತ್ತಾರೆ. ಒಂದೇ ಅಂಗಡಿ, ಎರಡೂ ಮಾಲು. ಶಿರಸಿಯ ಒಂದು ಸಭಾಭವನದಲ್ಲಿ ಕಾರ್ಯಕ್ರಮ ಇತ್ತು, ಟಿಕೆಟ್ 500 ರೂಪಾಯಿ. ನಾನೂ ಹೋದೆ, ನಮ್ಮ ಅತ್ತೆಯನ್ನೂ ಕರೆದುಕೊಂಡು ಹೋದೆ. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಅವರಿಗೆ ಪುಕ್ಕಟೆ ಪ್ರಚಾರ.

ದೀಪದ ವಿಷಯ ಬೇಗ ಮುಗಿಸುತ್ತೇನೆ. ಯುಎಫ್‌ಒ ಅಂದರೆ ಗುರುತು ಸಿಗದ ಹಾರುವ ವಸ್ತು, ಅಷ್ಟೇ. ಏಲಿಯನ್ ಅಂತ ಅರ್ಥ ಅಲ್ಲ. ನಿಮಗೆ ಗೊತ್ತಿದ್ದದ್ದೇ, ಮುಂದೆ ಹೋಗೋಣ. ಅದೇ ಜಾಗದಲ್ಲಿ ರಾತ್ರಿ ನಾನೂ ನಿಂತೆ. ಚಂದ್ರ ಇಲ್ಲದಿದ್ದರೆ ಸಮುದ್ರ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ದಡದಲ್ಲಿ ನಿಂತವರಿಗೆ ನೀರಿನ ಅಂಚು ಕಾಣುವುದು ಹೆಚ್ಚೂಕಡಿಮೆ 5 ಕಿಲೋಮೀಟರ್ ದೂರದಲ್ಲಿ. ಆದರೆ ಬೋಟಿನಲ್ಲಿ 9 ಮೀಟರ್ ಎತ್ತರಕ್ಕೆ ಕಟ್ಟಿದ ದೀಪ 15 ಕಿಲೋಮೀಟರ್ ಆಚೆಯಿಂದಲೂ ಕಾಣಬಹುದು. ನಡುವೆ ಬರೀ ಕಪ್ಪು. ದೀಪ ಗಾಳಿಯಲ್ಲಿ ತೇಲಿದ ಹಾಗೇ ಇರುತ್ತದೆ.

ಅಲ್ಲೇ ದೋಣಿಗೆ ಒರಗಿ ಬೀಡಿ ಸೇದುತ್ತಿದ್ದ, ಮೀನುಗಾರಿಕೆ ಬೋಟು ನಡೆಸುವ ತಾಂಡೇಲರೊಬ್ಬರಿಗೆ ವಿಡಿಯೋ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಎರಡು ಬೋಟು ಮಾರಾಯ."

"ಮತ್ತೆ ಈ ಮಿಣುಕುವುದು?"

"ಲೈಟ್‌ಹೌಸ್."

ದೇವಗಡ ದ್ವೀಪದ ದೀಪಸ್ತಂಭ. ಬ್ರಿಟಿಷರ ಕಾಲದಿಂದ ಅಲ್ಲೇ ನಿಂತಿದೆ. ಗಡಿಯಾರ ಹಿಡಿದು ಎಣಿಸಿದೆ, ಆಮೇಲೆ ವಿಡಿಯೋ ಹಾಕಿಕೊಂಡು ಎಣಿಸಿದೆ. ಲೆಕ್ಕ ಒಂದೇ. ಅಂದರೆ ನಮ್ಮ ಮಹಾಶಯರು 500 ರೂಪಾಯಿ ತೆಗೆದುಕೊಂಡು ಓದಿ ಹೇಳಿದ ಆ ಸಂದೇಶ ಇಷ್ಟೇ: "ಇಲ್ಲಿ ಬಂಡೆ ಇದೆ, ಹಡಗು ಹುಷಾರು."

ನನ್ನ ತಲೆ ಕೆಡಿಸಿದ್ದು ಈ ದೀಪ ಅಲ್ಲ, ಶಿರಸಿಯ ಆ ಸಭಾಭವನ.

ಅವರು ಕಣ್ಣು ಮುಚ್ಚಿ, ಒಂದು ಕೈ ಎತ್ತಿ, "ಯಾರದ್ದೋ ಹತ್ತಿರದವರು ಬಂದಿದ್ದಾರೆ... 'ಗ'... 'ಗ' ಅಕ್ಷರ ಕಾಣುತ್ತಿದೆ" ಅಂದರು. ಅಯ್ಯೋ ಸ್ವಾಮಿ, ಶಿರಸಿಯಲ್ಲಿ ನಿಂತು 'ಗ' ಅನ್ನುವುದಾ! ಗಣಪತಿ, ಗಜಾನನ, ಗಂಗಾಧರ, ಗೋಪಾಲ, ಗೌರಿ, ಗಿರಿಜಾ. ಮಾರಿಕಾಂಬಾ ಜಾತ್ರೆಯಲ್ಲಿ "ಗಣಪತಿ ಹೆಗಡೇರೇ" ಅಂತ ಒಮ್ಮೆ ಕೂಗಿ ನೋಡಿ, ಅರ್ಧ ರಸ್ತೆ ತಿರುಗುತ್ತದೆ.

ಏಳು ಕೈ ಎದ್ದವು. "ಎದೆಯ ಹತ್ತಿರ ಏನೋ ತೊಂದರೆ..." ನಾಲ್ಕು ಇಳಿದವು. "ಗಂಡಸರು..." ಇನ್ನೆರಡು ಇಳಿದವು. ಉಳಿದದ್ದು ಒಬ್ಬ ಅಮ್ಮ. "ಹೋಗುವ ಮುಂಚೆ ಏನೋ ಹೇಳಬೇಕು ಅಂತಿದ್ದರು, ಆಗಲಿಲ್ಲ." ಆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅಲ್ಲಿಯವರೆಗೆ ಒಳಗೊಳಗೇ ನಗುತ್ತಿದ್ದೆ. ಆಮೇಲೆ ಆಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಅತ್ತೆ ಹೇಳಿದ್ದೇನು ಗೊತ್ತಾ? "ಏನೇ ಹೇಳು, ಹೆಸರು, ಕಾಯಿಲೆ ಎರಡೂ ಸರಿಯಾಗಿ ಹೇಳಿದ." ಅತ್ತೇ, ಅವನು ಎರಡನ್ನೂ ಹೇಳಲೇ ಇಲ್ಲ! ಹೆಸರು ಹೇಳಿದ್ದು ಆ ಅಮ್ಮ. ಹಾರ್ಟ್ ಅಟ್ಯಾಕ್ ಅಂದಿದ್ದೂ ಅವರೇ.

ಈ ಆಟಕ್ಕೆ ಕೋಲ್ಡ್ ರೀಡಿಂಗ್ ಅಂತ ಹೆಸರು. ನಾನು ರಂಪಣಿ ಅನ್ನುತ್ತೇನೆ. ರಂಪಣಿ ಎಳೆಯುವುದನ್ನು ನೋಡಿದ್ದೀರಾ? ದೋಣಿಯಲ್ಲಿ ಬಲೆ ಹೇರಿಕೊಂಡು ಹೋಗಿ ಸಮುದ್ರದಲ್ಲಿ ದೊಡ್ಡ ಅರ್ಧಚಂದ್ರ ಬಿಡಿಸುತ್ತಾರೆ. ಎರಡೂ ತುದಿಯ ಹಗ್ಗ ದಡದಲ್ಲಿ. ಜನ ಎರಡು ಸಾಲಾಗಿ ನಿಂತು, ಕಾಲನ್ನು ಮರಳಿಗೆ ಒತ್ತಿ ಎಳೆಯುತ್ತಾರೆ. ಎಳೆಯುತ್ತ ಎಳೆಯುತ್ತ ಎರಡು ಸಾಲೂ ಹತ್ತಿರ ಬರುತ್ತವೆ. ಕೊನೆಗೆ ಬಂಗಡೆ ಬಂದರೆ ಬಂಗಡೆ, ತಾರ್ಲೆ ಬಂದರೆ ತಾರ್ಲೆ. ಎಪ್ಪತ್ತರ ದಶಕದ ಕೊನೆಗೆ ಪರ್ಸಿನ್ ಬೋಟು ಬಂದ ಮೇಲೆ ದೊಡ್ಡ ರಂಪಣಿ ಕಡಿಮೆಯಾಯಿತು, ಈಗ ಜಾಸ್ತಿ ಸಣ್ಣ ಯೆಂಡಿ ಬಲೆ... ಇರಲಿ, ಬಲೆಯ ಹಿಂದೆ ಹೋದರೆ ನಾನು ವಾಪಸ್ ಬರುವುದಿಲ್ಲ.

'ಗ' ಅನ್ನುವುದು ಅಗಲಕ್ಕೆ ಬೀಸಿದ ಬಲೆ. ಎದೆ, ಗಂಡಸು, ಹೇಳದೆ ಉಳಿದ ಮಾತು, ಇವೆಲ್ಲ ಹಗ್ಗ ಎಳೆಯುವುದು. ವ್ಯತ್ಯಾಸ ಒಂದೇ. ಇಲ್ಲಿ ಹಗ್ಗ ಎಳೆಯುವುದು ಮೀನೇ. ಇಳಿದುಹೋದ ಆರು ಕೈಗಳನ್ನು ಬಸ್ಸಿನಲ್ಲಿ ಯಾರೂ ನೆನೆಸಿಕೊಳ್ಳಲಿಲ್ಲ.

ಓದಿದವರಿಗೆ ಹೀಗಾಗುವುದಿಲ್ಲ ಅನ್ನುತ್ತೀರಾ? 1948ರಲ್ಲಿ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ "ಇದು ನಿಮ್ಮ ವ್ಯಕ್ತಿತ್ವ" ಅಂತ ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿಯಿದೆ ಅಂತ ಕೇಳಿದರೆ, 5ಕ್ಕೆ ಸರಾಸರಿ 4.26 ಕೊಟ್ಟರು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಹಾಳೆ.

ಈಗ ನನ್ನ ಪ್ರಶ್ನೆ. ಸಿಕ್ಕಿಬಿದ್ದ ಮೇಲಾದರೂ ಅಂಗಡಿ ಮುಚ್ಚಬೇಕಲ್ವಾ?

ಯೂರಿ ಗೆಲ್ಲರ್, ಮನಸ್ಸಿನ ಬಲದಿಂದ ಚಮಚ ಬಗ್ಗಿಸುತ್ತೇನೆ ಅಂದವನು. 1973ರಲ್ಲಿ ಅಮೆರಿಕದ ಜಾನಿ ಕಾರ್ಸನ್‌ನ ಟಿವಿ ಕಾರ್ಯಕ್ರಮಕ್ಕೆ ಬಂದ. ಕಾರ್ಸನ್ ಚಿಕ್ಕಂದಿನಲ್ಲಿ ತಾನೇ ಜಾದೂ ಮಾಡುತ್ತಿದ್ದವನು. ಜಾದೂಗಾರ ಜೇಮ್ಸ್ ರ‍್ಯಾಂಡಿಯ ಸಲಹೆ ಕೇಳಿ, ಚಮಚಗಳನ್ನು ತಾವೇ ತಂದಿಟ್ಟರು, ಮುಂಚೆ ಗೆಲ್ಲರ್ ಕಡೆಯವರ ಕೈಗೆ ಸಿಗದ ಹಾಗೆ ನೋಡಿಕೊಂಡರು. 20 ನಿಮಿಷ ಕಳೆದರೂ ಏನೂ ಬಗ್ಗಲಿಲ್ಲ. ಇವತ್ತು ಶಕ್ತಿ ಸಾಲದು ಅಂದ. ಇಡೀ ದೇಶ ನೋಡಿತು. ಮುಗಿಯಿತು ಅಂದುಕೊಂಡಿರಾ? ಇನ್ನೂ ಹೆಸರಾದ. ಜನರ ತರ್ಕ ಕೇಳಿ: ಜಾದೂಗಾರ ಯಾವತ್ತೂ ಸೋಲುವುದಿಲ್ಲ, ಇವನು ಸೋತ, ಹಾಗಾದರೆ ಇವನದು ನಿಜವಾದ ಶಕ್ತಿ! ಈ ಮಾತಿಗೆ ಏನು ಉತ್ತರ ಕೊಡುತ್ತೀರಿ?

ಇದಕ್ಕಿಂತ ನನಗೆ ಇಷ್ಟವಾದ ಕಥೆ ಇನ್ನೊಂದಿದೆ. 1979. ಅಮೆರಿಕದ ಸೇಂಟ್ ಲೂಯಿಸ್‌ನ ಒಂದು ವಿಶ್ವವಿದ್ಯಾಲಯಕ್ಕೆ ಅತೀಂದ್ರಿಯ ಶಕ್ತಿಯ ಸಂಶೋಧನೆಗೆ 5 ಲಕ್ಷ ಡಾಲರ್ ಬಂತು. ರ‍್ಯಾಂಡಿ ಇಬ್ಬರು ಹದಿಹರೆಯದ ಜಾದೂಗಾರರನ್ನು "ನಮಗೆ ಶಕ್ತಿ ಇದೆ" ಅಂತ ಅಲ್ಲಿಗೆ ಕಳಿಸಿದ. ಚಮಚಗಳಿಗೆ ದಾರದಿಂದ ನಂಬರಿನ ಚೀಟಿ ಕಟ್ಟಿದ್ದರು. ಪ್ರಯೋಗಕ್ಕೆ ಮುಂಚೆ ಒಮ್ಮೆ ಬಾಗು ಅಳೆಯುವುದು, ಆಮೇಲೆ ಒಮ್ಮೆ. ಹುಡುಗರು ಚಮಚ ಬಗ್ಗಿಸುವ ಗೋಜಿಗೇ ಹೋಗಲಿಲ್ಲ. ಚೀಟಿ ಅದಲುಬದಲು ಮಾಡಿದರು! ಯಾವ ಎರಡು ಚಮಚವೂ ಸರಿಯಾಗಿ ಒಂದೇ ಥರ ಇರುವುದಿಲ್ಲ. ಮತ್ತೆ ಅಳೆದರೆ ಲೆಕ್ಕ ಬೇರೆ ಬರುತ್ತದೆ. ಪವಾಡ!

ರ‍್ಯಾಂಡಿ ಒಂದು ಷರತ್ತು ಹಾಕಿದ್ದ: "ಮೋಸ ಮಾಡುತ್ತಿದ್ದೀರಾ ಅಂತ ನೇರ ಕೇಳಿದರೆ, ಹೌದು ಅನ್ನಿ." ಯಾರೂ ಕೇಳಲಿಲ್ಲ. 1983ರಲ್ಲಿ ಪತ್ರಿಕಾಗೋಷ್ಠಿಯಲ್ಲಿ ಅವರೇ ಬಾಯಿಬಿಟ್ಟರು. ವಿಜ್ಞಾನಿಗಳಿಗೆ ಲೋಹ ಗೊತ್ತು. ಕೈಚಳಕ ಗೊತ್ತಿರುವುದು ಜಾದೂಗಾರನಿಗೆ.

ಟೈಮ್ ಆಗುತ್ತಿದೆ, ಉಳಿದದ್ದು ಒಂದೇ ಉಸಿರಿಗೆ. ಪೀಟರ್ ಪೊಪಾಫ್, ಅಮೆರಿಕದ ಟಿವಿ ಧರ್ಮಬೋಧಕ: ಭಕ್ತರ ಹೆಸರು, ಕಾಯಿಲೆ ಎಲ್ಲ ದೇವರೇ ತಿಳಿಸುತ್ತಾನೆ ಅನ್ನುತ್ತಿದ್ದ. 1986ರಲ್ಲಿ ರೇಡಿಯೋ ಹಿಡಿದು ಕೇಳಿದರೆ 39.17 ಮೆಗಾಹರ್ಟ್ಸ್‌ನಲ್ಲಿ ಅವನ ಹೆಂಡತಿಯ ದನಿ, ಅವನ ಕಿವಿಯಲ್ಲಿ ಪುಟ್ಟ ಯಂತ್ರ. ಮರುವರ್ಷ ದಿವಾಳಿ ಎದ್ದ. ಆಮೇಲೆ ಮತ್ತೆ ಟಿವಿಗೆ ಬಂದ, ಪವಾಡದ ನೀರು ಹಿಡಿದು. ರೇ ಸ್ಯಾಂಟಿಲ್ಲಿ: 1995ರಲ್ಲಿ ಏಲಿಯನ್ ಹೆಣ ಕೊಯ್ಯುವ ಫಿಲ್ಮ್ ಬಿಟ್ಟ, 2006ರಲ್ಲಿ ಅದು ತಾನೇ ಮಾಡಿಸಿದ್ದು ಅಂತ ಒಪ್ಪಿದ. ಒಪ್ಪುತ್ತಲೇ ಏನಂದ? ನಿಜವಾದ ಫಿಲ್ಮ್ ಇತ್ತು, ಹಾಳಾಗಿತ್ತು, ಅದಕ್ಕೇ ಮತ್ತೆ ಮಾಡಿಸಿದೆ! ನಮ್ಮಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು. ಅವರ ಮೇಲೆ ಬೇರೆ ವಿಡಿಯೋ ಮಾಡುತ್ತೇನೆ.

ಒಂದು ಮಾತು ಮಾತ್ರ ಬಿಡುವುದಿಲ್ಲ. ತಪ್ಪು ತಿಳಿಯುವುದು ಬೇರೆ, ಮೋಸ ಬೇರೆ. ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ತಿಂಗಳುಗಟ್ಟಲೆ ಆಕಾಶದ ದೀಪಗಳನ್ನು ಚೀನಾದ ಡ್ರೋನ್ ಇರಬೇಕು ಅಂತ ಬರೆದಿಟ್ಟರು. ಆಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನು ಕೇಳಿದರು. ಅವರು ನೋಡಿ, ಅದು ಗುರು ಮತ್ತು ಶುಕ್ರ ಗ್ರಹ ಅಂದರು. 2013ರಲ್ಲಿ ಪತ್ರಿಕೆಗಳಲ್ಲೂ ಬಂತು. ಗೊತ್ತಾಗದಿದ್ದಾಗ ಸೈನಿಕರು ಕೇಳಿದರು, ಟಿಕೆಟ್ ಮಾರಲಿಲ್ಲ. ಅಂಕೋಲಾದ ಹುಡುಗ ಮಾಡಿದ್ದೂ ಅದನ್ನೇ.

ಹಾಂ, ನಮ್ಮ ಮಹಾಶಯರು. ಅವರ ವಿಡಿಯೋ ಕೆಳಗೆ ನಾನು ಮರ್ಯಾದೆಯಿಂದಲೇ ಬರೆದೆ: "ಸರ್, ಅದು ದೇವಗಡದ ಲೈಟ್‌ಹೌಸ್." ಎರಡೇ ದಿನಕ್ಕೆ ಹೊಸ ವಿಡಿಯೋ ಬಂತು. ಅನ್ಯಗ್ರಹದವರು ಈಗ ಲೈಟ್‌ಹೌಸ್ ಮೂಲಕವೇ ಮಾತಾಡುತ್ತಿದ್ದಾರಂತೆ. ಮುಂದಿನ ಕಾರ್ಯಕ್ರಮ ಕುಮಟಾದಲ್ಲಿ. ಟಿಕೆಟ್ 700.